ಗಂಜಿ ದಿನ ಮತ್ತು ನನ್ನ ಅರ್ಧ ಮುಖ

ಮೊದಲು ನನಗೆ ಅನುಮಾನ ಬಂದದ್ದು ಚೊಂಬಿನ ಮೇಲೆ. ಹಲ್ಲುಜ್ಜಿ ಬಾಯಿ ಮುಕ್ಕಳಿಸಿದರೆ ನೀರು ಎಡಗಡೆಯ ತುಟಿಯಂಚಿನಿಂದ ತಾನಾಗಿ ಸೋರಿ ಕುತ್ತಿಗೆಗೆ ಇಳಿಯಿತು. ಚೊಂಬಿನ ಬಾಯಿ ನೆಗ್ಗಿರಬೇಕು ಅಂದುಕೊಂಡು ಲೋಟ ತಗೊಂಡೆ. ಆಗಲೂ ಸೋರಿತು. ಎರಡು ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರದು ಅಂತ ಮೂರನೇ ಸಲ ಬಾಯಿ ತುಂಬ ನೀರು ತುಂಬಿಕೊಂಡು ಕನ್ನಡಿ ಮುಂದೆ ನಿಂತೆ. ನೀರು ಸಣ್ಣ ನಲ್ಲಿಯ ಹಾಗೆ ಹರಿಯಿತು. ಪಕ್ಕದಲ್ಲಿ ನಿಂತಿದ್ದ ನನ್ನ ಮಗಳು ನಿಧಿಗೆ ಆಗಿನ್ನೂ ಮೂರು ತುಂಬಿರಲಿಲ್ಲ. "ಅಮ್ಮ, ಇನ್ನೊಂದ್ಸಲ ಮಾಡು" ಅಂದಳು.

ನಾನು ನಕ್ಕೆ. ನಕ್ಕಿದ್ದು ಬಲಗಡೆ ಮಾತ್ರ. ಎಡಗಡೆಯ ಮುಖ ನನ್ನನ್ನು ನೋಡುತ್ತ ಸುಮ್ಮನಿತ್ತು, ನನ್ನ ಮಾತು ಒಪ್ಪದ ತೀರ್ಪುಗಾರರ ಹಾಗೆ.

ತೀರ್ಪುಗಾರರ ಹೋಲಿಕೆ ಯಾಕೆ ಬಂತೆಂದರೆ, ನಾನು ಬೆಳೆದದ್ದೇ ಚರ್ಚಾಸ್ಪರ್ಧೆಗಳಲ್ಲಿ. ಹೈಸ್ಕೂಲಿನಿಂದ ಎಂ.ಎ. ತನಕ ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಚೀಟಿ ಎತ್ತಿದ ಮೇಲೆ ಎರಡೂ ನನಗೆ ಒಂದೇ. ಈಗ ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತೇನೆ. ಮಾತು ನನ್ನ ಹೊಟ್ಟೆಪಾಡು, ಮಾತು ನನ್ನ ಜಂಬ. ಅವತ್ತು ಬೆಳಿಗ್ಗೆ ನನ್ನ ಗಂಡ ತಿಪ್ಪೇಶನನ್ನು ಕರೆದು "ಮುಖ ನೋಡು" ಅನ್ನಲು ಹೋದರೆ ಬಾಯಿಂದ ಬಂದದ್ದು ಗಾಳಿ ತುಂಬಿದ ಏನೋ ಒಂದು. ಅವನು ಕುದಾಪುರದ ಕಡೆ ಒಂದು ಕ್ಯಾಂಪಸ್ಸಿನಲ್ಲಿ ಎಲೆಕ್ಟ್ರಿಷಿಯನ್. ಡ್ಯೂಟಿಗೆ ಬೂಟು ಹಾಕಿಕೊಳ್ಳುತ್ತಿದ್ದವನು ಒಂದೇ ಬೂಟಿನಲ್ಲಿ ಎದ್ದು ಬಂದ. ಲಕ್ವ ಎಂಬ ಪದವನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಇಬ್ಬರಿಗೂ ಕೇಳಿಸಿತು.

ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡ ಒಬ್ಬ ಹಿರಿಯರಿದ್ದರು. ನನ್ನ ಮುಖವನ್ನು ಸಾವಕಾಶವಾಗಿ ಪರೀಕ್ಷಿಸಿ, ಇದಕ್ಕೆ ಇಂಗ್ಲಿಷ್ ಔಷಧಿ ನಾಟಲ್ಲ, ಪಾರಿವಾಳದ ಬಿಸಿ ರಕ್ತ ಹಚ್ಚಿದರೆ ಮೂರು ವಾರದಲ್ಲಿ ನೆಟ್ಟಗಾಗುತ್ತೆ, ತಮ್ಮ ಷಡ್ಡಕನಿಗೆ ಆಗಿದೆ ಎಂದರು. ನನಗೆ ತಡೆಯಲಾಗಲಿಲ್ಲ. ರಕ್ತ ಹಚ್ಚದೆ ಇದ್ದವರು ಎಷ್ಟು ವಾರದಲ್ಲಿ ನೆಟ್ಟಗಾದರು ಅಂತ ಯಾರಾದರೂ ನೋಡಿದ್ದಾರಾ, ನಿಮ್ಮ ಷಡ್ಡಕ ಸುಮ್ಮನೆ ಕೂತಿದ್ದರೂ ವಾಸಿಯಾಗುತ್ತಿದ್ದರೋ ಏನೋ ಎಂದು ಶುರುಮಾಡಿ, ಪಾರಿವಾಳದ ಪರವಾಗಿಯೂ ಎರಡು ಮಾತು ಸೇರಿಸಿದೆ. ಅವರು ಕೊನೆಯ ತನಕ ಕೇಳಿ ತಲೆಯಾಡಿಸಿ ಒಪ್ಪಿಕೊಂಡರು. ನನ್ನ ವಾದವನ್ನು ಅಡ್ಡ ಬಾಯಿ ಹಾಕದೆ ಪೂರ್ತಿ ಕೇಳಿದ ಮೊದಲ ಮನುಷ್ಯ ಅವರು. ಒಂದಕ್ಷರವೂ ಅರ್ಥವಾಗಿರಲಿಲ್ಲ ಎಂಬುದು ಬೇರೆ ಮಾತು.

ಡಾಕ್ಟರು ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಹುಬ್ಬು ಎತ್ತಿ ಅಂದರು, ಬಲಗಡೆಯದು ಎದ್ದಿತು. ಕಣ್ಣು ಮುಚ್ಚಿ ಅಂದರು, ಬಲಗಡೆಯದು ಮುಚ್ಚಿತು. ಕೆನ್ನೆ ಉಬ್ಬಿಸಿ ಅಂದರು, ಪುಸ್ ಅಂತು. "ಹಣೆನೂ ಅಲ್ಲಾಡ್ತಿಲ್ಲ. ಒಳ್ಳೇದಾಯ್ತು" ಅಂದರು.

ಇದು ನನಗೆ ಎಷ್ಟು ವಿಚಿತ್ರವೆನಿಸಿತೆಂದರೆ ಹೆದರಿಕೆ ಮರೆತುಹೋಯಿತು. ಹೆಚ್ಚು ಕೆಟ್ಟಿದ್ದರೆ ಒಳ್ಳೆಯದು ಹೇಗಾಗುತ್ತೆ? ಚೀಟಿಯ ಮೇಲೆ ಬರೆದು ಕೇಳಿದೆ. ತಲೆಯೊಳಗಿನಿಂದ ಆಗಿದ್ದರೆ ಸಾಮಾನ್ಯವಾಗಿ ಹಣೆ ಉಳಿದುಕೊಳ್ಳುತ್ತೆ, ಇದು ಮುಖದ ನರದ್ದು, ಬೆಲ್ಸ್ ಪಾಲ್ಸಿ ಅಂತಾರೆ, ಬಹಳ ಜನಕ್ಕೆ ವಾಸಿಯಾಗುತ್ತೆ ಎಂದರು. ಗೋಡೆ ಹಿಡಿದು ನಿಂತಿದ್ದ ತಿಪ್ಪೇಶ ಆಗ ಕೂತ. ಬಹಳ ಜನ ಅಂದರೆ ಎಷ್ಟು ಅಂತ ಮತ್ತೆ ಬರೆದೆ. ಅವರು ಪೆನ್ನು ಇಸ್ಕೊಂಡು, "ಅದು ಗೊತ್ತಾದ್ರೂ ನೀವು ಅದರಲ್ಲಿ ಒಬ್ರಾ ಅಲ್ವಾ ಅಂತ ಗೊತ್ತಾಗಲ್ಲ ಮೇಡಂ. ಮಾತ್ರೆ ತಗೊಳ್ಳಿ, ಕಣ್ಣು ಒಣಗೋಕೆ ಬಿಡಬೇಡಿ" ಅಂದರು. ಒಳ್ಳೆಯ ಉತ್ತರ. ಔಷಧಿ ಅಂಗಡಿಯವರು ಮಾತ್ರೆ, ಕಣ್ಣಿನ ಹನಿ, ಅಂಟುಪಟ್ಟಿಯ ಜೊತೆ ಕೇಳದೆಯೇ ಒಂದು ಸ್ಟ್ರಾ ಹಾಕಿಕೊಟ್ಟರು. ಆ ದಿನದ ದೊಡ್ಡ ಉಪಕಾರ ಅದೇ.

ಈ ಕಾಯಿಲೆಯಲ್ಲಿ ಕುತೂಹಲಕ್ಕೆ ಕೊರತೆಯಿಲ್ಲ. ನಾಲಿಗೆಯ ಎಡಭಾಗಕ್ಕೆ ಉಪ್ಪಿಟ್ಟೆ, ಏನೂ ಇಲ್ಲ. ಅದೇ ಉಪ್ಪು ಬಲಕ್ಕೆ ಸರಿದ ಕೂಡಲೇ ಊಟ ಶುರುವಾಯಿತು. ಕುಕ್ಕರಿನ ಸೀಟಿ ಎಡಗಿವಿಗೆ ಮಾತ್ರ ಸಿಡಿಲಿನ ಹಾಗೆ ಬಡಿಯುತ್ತಿತ್ತು. ಎಡಗಣ್ಣನ್ನು ಬೆರಳಿನಿಂದ ಮುಚ್ಚಿ ಪಟ್ಟಿ ಅಂಟಿಸಿ ಮಲಗಬೇಕು. ನಿಧಿ ಹತ್ತಿರ ಬಂದು, ಈ ಕಣ್ಣು ಯಾಕೆ ನಿದ್ದೆ ಮಾಡಲ್ಲ ಅಂತ ಕೇಳಿದಳು. ಉತ್ತರ ಇತ್ತು, ಹೇಳುವ ಬಾಯಿ ಇರಲಿಲ್ಲ. ಅಲ್ಲಿ ಕುತೂಹಲ ಮುಗಿದು ಹೆದರಿಕೆ ಶುರುವಾಯಿತು. ಹೀಗೇ ಉಳಿದರೆ? ಕ್ಲಾಸಿನಲ್ಲಿ ನಿಂತು ಏನು ಹೇಳಲಿ? ಮಗುವಿಗೆ ನೆನಪಿಡುವ ವಯಸ್ಸು ಬರುವ ಹೊತ್ತಿಗೆ ಅಮ್ಮನ ಮುಖ ಇದೇ ಆಗಿರುತ್ತದಾ?

ಹೆದರಿದಾಗ ನಾನು ಏನು ಮಾಡುತ್ತೇನೆಂದರೆ ಏರ್ಪಾಡು ಮಾಡುತ್ತೇನೆ. ಮೂರು ತಿಂಗಳು ನಿಧಿಯನ್ನು ಅವ್ವನ ಹತ್ತಿರ ಬಿಡುವುದು. ನನ್ನ ತವರು ಮೊಳಕಾಲ್ಮುರಿನಿಂದ ಆಟೋದಲ್ಲಿ ಸ್ವಲ್ಪ ದೂರ, ಜಟಿಂಗ ರಾಮೇಶ್ವರನ ಬೆಟ್ಟ ಕಾಣುವ ಊರು. ಅಪ್ಪ ಮಗ್ಗದಲ್ಲಿ ಕಂಬಳಿ ನೇಯುತ್ತಾನೆ, ಅವ್ವ ಉಣ್ಣೆ ನೂಲುತ್ತಾಳೆ. ನನ್ನ ಮಾತು ಫೋನಿನಲ್ಲಿ ಯಾರಿಗೂ ತಿಳಿಯದಿದ್ದರಿಂದ ಕಾಗದದಲ್ಲಿ ಬರೆದುಕೊಟ್ಟೆ, ತಿಪ್ಪೇಶ ಅವ್ವನಿಗೆ ಓದಿದ: ಮೂರು ತಿಂಗಳು, ನಾಳೆ ಬೆಳಿಗ್ಗೆ ಕರಕೊಂಡು ಬರ್ತಾಳೆ. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ಅದರಲ್ಲಿ ಒಂದೂ ಪ್ರಶ್ನೆ ಇಲ್ಲ.

ಅವ್ವ ಅತ್ತಳು, ಮುಖದ ಬಗ್ಗೆ ಎಲ್ಲ ಕೇಳಿದಳು, ಆಮೇಲೆ ನಾಳೆ ಬ್ಯಾಡ, ಗಂಜಿ ಐತೆ, ನಾಡಿದ್ದು ನಾನೇ ನೋಡಾಕೆ ಬರ್ತೀನಿ ಎಂದಳು. ನನಗೆ ಸಿಟ್ಟು ಬಂತು. ಮಗಳ ಮುಖ ಸೊಟ್ಟಗಾಗಿದೆ, ಈಕೆಗೆ ಗಂಜಿ! ಮಾರನೆಯ ದಿನ, ಗುರುವಾರ, ಮೊದಲ ಬಸ್ಸಿಗೇ ಹೊರಟೆ. ಕಣ್ಣಿಗೆ ಪಟ್ಟಿ, ಮುಖಕ್ಕೆ ವೇಲು, ತೊಡೆಯ ಮೇಲೆ ನಿಧಿ. ಕಿಟಕಿ ಪಕ್ಕ ಕೂತಿದ್ದ ಹೆಂಗಸು ನನ್ನನ್ನು ನೋಡಿ "ಗಾಲಿ ತಗಿಲಿಂದಾ ಅಮ್ಮಾ?" ಅಂತ, ಗಾಳಿ ಸೋಕಿತಾ ಅಂತ, ತೆಲುಗಿನಲ್ಲಿ ಮರುಗಿ, ಇನ್ನಷ್ಟು ಗಾಳಿ ಹೊಡೆಯದಿರಲಿ ಅಂತ ದಾರಿಯುದ್ದಕ್ಕೂ ಗಾಜು ಮುಚ್ಚಿ ಹಿಡಿದುಕೊಂಡರು. ಗಾಳಿಯಿಂದ ಇದು ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಆದರೂ ಬೆಚ್ಚಗಿತ್ತು.

ಗಂಜಿ ಅಂದರೆ ಏನೆಂದು ನಮ್ಮ ಕಡೆಯವರಲ್ಲದವರಿಗೆ ಹೇಳಬೇಕು. ಕಂಬಳಿ ನೇಯುವ ಮೊದಲು ಉದ್ದದ ಎಳೆಗಳನ್ನೆಲ್ಲ ಬೀದಿಯ ಈ ತುದಿಯಿಂದ ಆ ತುದಿಗೆ ಗೂಟಗಳ ನಡುವೆ ಬಿಗಿದು ಹಾಸುತ್ತಾರೆ. ಅದೇ ಹಾಸು. ಹುಣಸೆ ಬೀಜ ನೆನೆಸಿ, ಅರೆದು, ಕುದಿಸಿದ ಗಂಜಿಯನ್ನು ಅದಕ್ಕೆ ಹಚ್ಚಿ, ಒಣಗುವ ತನಕ ದೊಡ್ಡ ಕುಂಚದಿಂದ ಒಂದೇ ದಿಕ್ಕಿಗೆ ಎಳೆಯುತ್ತಲೇ ಇರಬೇಕು. ಎಡಕ್ಕೆ ಮೂವರು, ಬಲಕ್ಕೆ ಮೂವರು, ಎದುರುಬದುರು. ಬಿಸಿಲು ಚುರುಕಾಗಿ ಗಾಳಿ ಏಳುವ ಮೊದಲು ಮುಗಿಯಬೇಕು. ಒಬ್ಬರು ಕೈಬಿಟ್ಟರೆ ಅವರ ಪಾಲಿನ ಎಳೆಗಳು ಒಂದಕ್ಕೊಂದು ಅಂಟಿ ಹಗ್ಗವಾಗುತ್ತವೆ.

ಇದೆಲ್ಲ ನಾನು ಹುಟ್ಟಿದಾಗಿನಿಂದ ನೋಡಿದ್ದೇ. ಗೊತ್ತಿದ್ದೂ ಮಾಡಿದ ತಪ್ಪು ಅಂತಲೇ ಇದನ್ನು ಬರೆಯುತ್ತಿರುವುದು. ನಾನು ಆಟೋ ಇಳಿದಾಗ ಹೊಸದಾಗಿ ಹಚ್ಚಿದ ಗಂಜಿ ಹಾಸಿನ ಮೇಲೆ ಹೊಳೆಯುತ್ತಿತ್ತು. ಎಡಗಡೆಯ ನಡುವಿನ ಜಾಗದಲ್ಲಿ ಅವ್ವ ಸೊಂಟಕ್ಕೆ ಸೆರಗು ಬಿಗಿದು ಕುಂಚ ಎಳೆಯುತ್ತಿದ್ದಳು. ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ. ನಾನು ನಿಧಿಯನ್ನು ಅವಳ ಕಡೆ ಬಿಟ್ಟೆ. ನೆಲಕ್ಕಿಳಿಸಿ, ಹೋಗು, ಅಜ್ಜಿ ಹತ್ತಿರ ಹೋಗು ಅಂತ ಬೆನ್ನು ತಟ್ಟಿದೆ.

ಮಗು ನೇರ ಓಡಿತು. ಅಜ್ಜಿಗೂ ಅವಳಿಗೂ ನಡುವೆ ಗಂಜಿಯ ಬೋಗುಣಿ ಇತ್ತು, ಅದು ಇನ್ನೂ ಬಿಸಿಯಿತ್ತು. ಅವ್ವ ಕುಂಚ ಬಿಸಾಡಿ ಹಾರಿ ಅವಳನ್ನು ಎತ್ತಿಕೊಂಡಳು. ಬೋಗುಣಿ ಉರುಳಿತು, ಮಗುವಿಗೆ ಏನೂ ಆಗಲಿಲ್ಲ. ಆದರೆ ಹೊಸ ಜಾಗ, ಹೊಸ ಜನ. ಚೀರಾಟ ಶುರುವಾಗಿ ಅಜ್ಜಿಯ ಕೊರಳು ಬಿಡಲೇ ಇಲ್ಲ. ನಾನು ಕರೆದರೆ, ಪಟ್ಟಿಯ ಮುಖ ನೋಡಿ ಇನ್ನೂ ಅತ್ತಳು. ಅದೇ ಹೊತ್ತಿಗೆ ಗಾಳಿ ಎದ್ದಿತು. ಉಳಿದ ಐವರು ಅವ್ವನ ಪಾಲನ್ನೂ ಎಳೆಯಲು ನೋಡಿದರು, ಎಟುಕಲಿಲ್ಲ. ನಡುವಿನ ಎಳೆಗಳು ಕಣ್ಣೆದುರೇ ಒಣಗಿ ಕಡ್ಡಿಯ ಹಾಗೆ ನಿಂತವು.

ಯಾರೂ ಬೈಯಲಿಲ್ಲ. ಗುಂಪಿಗೆ ಹಿರಿಯಳಾದ ಗೌರಕ್ಕ ಅಂಟಿದ ಎಳೆಗಳನ್ನು ಬೆರಳಲ್ಲಿ ಬಿಡಿಸಲು ನೋಡಿ, ಒಂದು ತುಂಡಾದ ಮೇಲೆ ಕೈಬಿಟ್ಟಳು. ನನ್ನ ಹತ್ತಿರ ಬಂದು ಗದ್ದ ಹಿಡಿದು ಮುಖವನ್ನು ಅತ್ತ ಇತ್ತ ತಿರುಗಿಸಿ ನೋಡಿದಳು. "ಇದು ನೆಟ್ಟಗಾತೈತೆ ಬಿಡವ್ವ. ಹಾಸು ಆಗಲ್ಲ" ಅಂದಳು. ಆಮೇಲೆ ಅವ್ವನಿಗೆ ಕೇಳದ ಹಾಗೆ, ನಿಮ್ಮವ್ವನ ಜಾಗಕ್ಕೆ ನಮ್ಮ ಓಣಿಯ ಸೊಸೆಯೊಬ್ಬಳು ಕಾದಿದ್ದಾಳೆ, ಇನ್ನೊಂದು ಸಲ ಹಿಂಗಾದರೆ ನನ್ನ ಕೈಲಿ ತಡೆಯಕ್ಕಾಗಲ್ಲ ಎಂದಳು.

ಒಳಗೆ ಹೋಗಿ ಕೂತೆವು. ಅಪ್ಪ ಮಗ್ಗ ನಿಲ್ಲಿಸಿ ನಿಧಿಯನ್ನು ಆಚೆ ಕುರಿಮರಿ ತೋರಿಸಲು ಕರೆದುಕೊಂಡು ಹೋದ. ನನ್ನ ಹಳೆಯ ಸ್ಲೇಟು ಸಿಕ್ಕಿತು. ಬರೆದೆ: ಒಂದು, ಇದು ತುರ್ತು. ಎರಡು, ಅಜ್ಜಿಯಲ್ಲದೆ ಮಗುವಿಗೆ ಇನ್ಯಾರು? ಮೂರು, ಕಂಬಳಿ ಮತ್ತೆ ನೇಯಬಹುದು. ಅವ್ವ ಕೂಡಿಸಿ ಕೂಡಿಸಿ ಓದಿದಳು. ಓದಿ ಮುಗಿಸಿ ಸ್ಲೇಟನ್ನು ಉಣ್ಣೆಯ ಬುಟ್ಟಿಯೊಳಕ್ಕೆ ಬೋರಲು ಹಾಕಿದಳು.

"ಡಾಕ್ಟರು ಇದು ಅಂಟುರೋಗ ಅಂದ್ರಾ?"

ಇಲ್ಲ ಎಂದು ತಲೆಯಾಡಿಸಿದೆ.

"ಮಗಾನ ಮುಟ್ಬ್ಯಾಡ ಅಂದ್ರಾ?"

ಇಲ್ಲ.

"ನಿನ್ನ ಬಾಯಿ ಸೊಟ್ಟ ಆಗೈತೆ. ಕೈಕಾಲು ನೆಟ್ಟಗವೆ."

ನನ್ನ ಹತ್ತಿರ ಉತ್ತರವಿತ್ತು, ಯಾವಾಗಲೂ ಇರುತ್ತೆ. ತುಟಿ ಕೂಡಿಸಿ ಹೊರಡಿಸುವಷ್ಟರಲ್ಲಿ ಅವಳು ಮುಂದೆ ಹೋಗಿಬಿಟ್ಟಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಅವ್ವ ನನ್ನ ಮುಂದೆ ಒಂದು ಮಾತನ್ನು ಕೊನೆಯ ತನಕ ಹೇಳಿದ್ದು ಅವತ್ತೇ ಇರಬೇಕು.

"ನಿನ್ನ ಬಾಣಂತನಕ್ಕೆ ಅಂತ ಬಂದೋಳು ಒಂದೂವರೆ ವರ್ಷ ನಿಮ್ಮನೇಲೇ ನಿಂತೆ. ಹೋಗ್ತೀಯಾ ಅಂತ ನೀನು ಕೇಳ್ಲಿಲ್ಲ, ಹೋಗ್ತೀನಿ ಅಂತ ನಾನೂ ಅನ್ಲಿಲ್ಲ. ತಿರುಗಿ ಬಂದ್ರೆ ನನ್ನ ಜಾಗದಾಗೆ ಬ್ಯಾರೆಯೋಳು ನಿಂತಿದ್ಲು. ಗೌರಕ್ಕನ ಕಾಲು ಹಿಡಿಯೋದೊಂದು ಬಾಕಿ, ಹೋದ ಉಗಾದಿಗೆ ಸೇರಿಸ್ಕಂಡ್ರು. ಮೊಮ್ಮಗಳು ಬ್ಯಾಡ ಅಂತ ಅಲ್ಲ ಕಣೆ. ಆ ಬೀದಿಯಾಗೆ ಐದು ಜನ ನನ್ನ ಕೈ ನೋಡ್ಕಂಡು ನಿಂತಿರ್ತಾರೆ. ಅಲ್ಲಿ ನಾನು ಅಜ್ಜಿ ಅಲ್ಲ, ಅವ್ವ ಅಲ್ಲ. ಅಲ್ಲಿ ನಿಂತ್ಕಳಾದು ನಂಗೆ ಇಷ್ಟ."

ಇಷ್ಟ ಎಂಬ ಪದವನ್ನು ಅವಳ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಅವ್ವನಿಗೆ ಏನಿಷ್ಟ ಎಂದು ಯಾರಾದರೂ ಕೇಳಿದ್ದರೆ, ಪರ ವಿರೋಧ ಎರಡೂ ಬಲ್ಲ ನಾನು ತಟ್ಟನೆ ಹೇಳುತ್ತಿದ್ದೆ: ಮೊಮ್ಮಗಳು.

ಆಮೇಲೆ ಅವಳು ತನ್ನ ಲೆಕ್ಕ ಹೇಳಿದಳು. ಮಾತ್ರೆ ಮುಗಿಯುವ ತನಕ ಇಬ್ಬರೂ ಇಲ್ಲೇ ಇರಿ. ಮುದ್ದೆ, ಸಾರು ನಾನು ಮಾಡಿ ಹಾಕುತ್ತೇನೆ. ಬೆಳಿಗ್ಗೆ ಹೊತ್ತು ಮಗು ನಿಂದು, ಸಂಜೆ ನಂದು. ಆಮೇಲೆ ವಾರಕ್ಕೊಂದು ದಿನ ಚಳ್ಳಕೆರೆಗೆ ಬರುತ್ತೇನೆ. ಯಾವ ದಿನ ಎಂದು ಮೊದಲು ಕೇಳಬೇಕು. "ಕೇಳು. ಹೇಳ್ಬ್ಯಾಡ. ನಂಗಾದ್ರೆ ಆತೈತೆ ಅಂತೀನಿ, ಆಗದಿದ್ರೆ ಆಗಲ್ಲ ಅಂತೀನಿ. ಆಗಲ್ಲ ಅಂದ್ರೆ ಯಾಕೆ ಅಂತ ಕೇಳಿ ನನ್ನ ಕಟಕಟೆಗೆ ಹತ್ತಿಸ್ಬ್ಯಾಡ."

ನಾನು ಅವತ್ತು ತುಂಬ ಅತ್ತೆ. ಎಡಗಣ್ಣಿನ ನೀರಿಗೆ ನಿಲ್ಲಲು ಜಾಗವಿಲ್ಲದೆ ಪಟ್ಟಿಯ ಕೆಳಗಿನಿಂದ ಸುರಿಯುತ್ತಿತ್ತು. ಅವ್ವ ಪಟ್ಟಿ ಬಿಚ್ಚಿ, ಒರೆಸಿ, ಹೊಸದು ಅಂಟಿಸಿದಳು. ಒಂದು ಮಾತನ್ನೂ ಹಿಂದಕ್ಕೆ ತಗೊಳ್ಳಲಿಲ್ಲ.

ಅಲ್ಲಿ ಉಳಿದ ದಿನಗಳಲ್ಲಿ ನಾನು ಕಂಡುಕೊಂಡದ್ದು ಬಹಳ. ನಾನು ಕೇಳುತ್ತಿದ್ದ ಪ್ರಶ್ನೆಗಳೆಲ್ಲ ಬೋನುಗಳು, ಎದುರಿನವರು ಯಾವ ಉತ್ತರ ಕೊಟ್ಟರೂ ಸಿಕ್ಕಿಕೊಳ್ಳುವ ಹಾಗೆ ಕಟ್ಟಿದವು. ಸ್ಲೇಟಿನಲ್ಲಿ ಬೋನು ಕಟ್ಟುವಷ್ಟು ಜಾಗವಿರುವುದಿಲ್ಲ. ಹಾಗಾಗಿ ಸಣ್ಣ ಪ್ರಶ್ನೆ ಬರೆದೆ. ಗಂಜಿ ಹದವಾಯಿತು ಅಂತ ಹೆಂಗೆ ಗೊತ್ತಾಗುತ್ತೆ? ನಿನ್ನ ಪಕ್ಕದವಳ ಕೈ ನಿಧಾನವಾದರೆ ಏನು ಮಾಡ್ತೀಯ? ಅವ್ವ ಇದಕ್ಕೆಲ್ಲ ಖುಷಿಯಿಂದ ಉತ್ತರಿಸಿದಳು, ಕೈ ಸನ್ನೆ ಮಾಡಿ ತೋರಿಸಿದಳು. ಒಂದು ಮಧ್ಯಾಹ್ನ ಗೌರಕ್ಕನ ಮನೆಯಂಗಳದಲ್ಲಿ ಆರೂ ಜನ ಕೂತು, ಕೆಟ್ಟ ಹಾಸಿನಲ್ಲಿ ಉಳಿಸಿಕೊಳ್ಳಬಹುದಾದ ಎಳೆಗಳನ್ನು ನೆನೆಸಿ ಬಿಡಿಸಿದರು. ನಾನೂ ಕೂತೆ. ಅವರು ಮಾತಾಡಿದ್ದು ಸೊಸೆಯರ ಬಗ್ಗೆಯಲ್ಲ, ಮೊಮ್ಮಕ್ಕಳ ಬಗ್ಗೆಯಲ್ಲ. ಯಾರೋ ಒಬ್ಬಳು ಕಳೆದ ಸಲ ಕುಂಚವನ್ನು ತಲೆಕೆಳಗಾಗಿ ಹಿಡಿದಿದ್ದನ್ನು ನೆನೆದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ನಗು ನಮ್ಮ ಮನೆಗೆ ಒಮ್ಮೆಯೂ ಬಂದಿರಲಿಲ್ಲ.

ಬೆಳಗಿನ ಹೊತ್ತು ಮಗು ನನ್ನದಾಗಿತ್ತಲ್ಲ. ಮೊದಲ ದಿನ ಹತ್ತಿರ ಬರಲಿಲ್ಲ. ಎರಡನೇ ದಿನ ಪಟ್ಟಿ ಬೇಕು ಅಂದಳು. ತನ್ನ ಗೊಂಬೆಯ ಎಡಗಣ್ಣಿಗೆ ಒಂದು, ಕುರಿಮರಿಗೆ ಒಂದು. ಕುರಿಮರಿ ಒಪ್ಪಲಿಲ್ಲ. ಮೂರನೇ ದಿನದಿಂದ ನನ್ನ ಕಣ್ಣಿಗೆ ಹನಿ ಬಿಡುವಾಗ ಬಾಟಲಿಯ ಮುಚ್ಚಳ ಹಿಡಿದು ನಿಲ್ಲುವುದು ಅವಳ ಕೆಲಸವಾಯಿತು. ಮಗುವನ್ನು ನನ್ನ ಮುಖದಿಂದ ದೂರ ಇಡಬೇಕೆಂದು ನಾನು ಹೊರಟಿದ್ದೆ. ಆ ಮುಖಕ್ಕೆ ಅವಳು ಒಗ್ಗಿಕೊಳ್ಳಲು ಮೂರು ದಿನ ಸಾಕಾಯಿತು. ನನಗೆ ಇನ್ನೂ ಬೇಕಾಯಿತು.

ಚಳ್ಳಕೆರೆಗೆ ವಾಪಸು ಬಂದು, ತಿಪ್ಪೇಶನ ಡ್ಯೂಟಿ, ಅಂಗನವಾಡಿ, ಪಕ್ಕದ ಮನೆಯವರ ಎರಡು ತಾಸು, ಅವ್ವನ ವಾರಕ್ಕೊಂದು ದಿನ, ಎಲ್ಲ ಸೇರಿಸಿ ಹೊಂದಿಸಿದೆವು. ಸಲೀಸಾಗಿತ್ತು ಅಂದರೆ ಸುಳ್ಳು. ಎರಡು ಸಲ ನಿಧಿ ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತು ಸಂವಿಧಾನ ಕೇಳಿದಳು. ಪ್ರತಿ ಬೆಳಿಗ್ಗೆ ತನ್ನ ಕಾಗದದ ಗಿರಗಿಟ್ಟಲೆಯನ್ನು ಮುಂದೆ ಹಿಡಿದು "ಊದು" ಅನ್ನುವಳು. ಒಂದು ತಿಂಗಳ ಮೇಲೆ ಒಂದು ದಿನ ಅದು ಅರ್ಧ ಸುತ್ತು ತಿರುಗಿತು. ಇಬ್ಬರೂ ಅದನ್ನು ನಂಬದೆ ಫ್ಯಾನು ಆರಿಸಿ ಮತ್ತೆ ಊದಿದೆವು.

ಈಗ ಎಂಟು ತಿಂಗಳು. ಮಾತು ಬಂದಿದೆ, ಮುಖ ಹೆಚ್ಚುಕಡಿಮೆ ನೆಟ್ಟಗಾಗಿದೆ. ಜೋರಾಗಿ ನಕ್ಕರೆ ಎಡಗಣ್ಣು ತಾನಾಗಿ ಅರ್ಧ ಮುಚ್ಚುತ್ತದೆ. ಇದು ಹೀಗೇ ಉಳಿಯಬಹುದು ಎಂದಿದ್ದಾರೆ. ಅಮ್ಮ ತನಗೆ ಕಣ್ಣು ಹೊಡೆಯುತ್ತಾಳೆಂದು ನಿಧಿ ತಿಳಿದಿದ್ದಾಳೆ. ನಿಮಗೂ ಒಂದು ಬೆಳಿಗ್ಗೆ ನೀರು ತುಟಿಯಂಚಿನಿಂದ ಸೋರಿದರೆ, ಪಾರಿವಾಳವನ್ನು ಅದರ ಪಾಡಿಗೆ ಬಿಟ್ಟು, ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಒಂದು ಸ್ಟ್ರಾ ತಗೊಳ್ಳಿ. ಮನೆಯವರು ಹೇಳುವುದನ್ನು ಕೇಳಲು ಇಷ್ಟು ಒಳ್ಳೆಯ ಸಮಯ ಮತ್ತೆ ಸಿಗುವುದಿಲ್ಲ.

ಹೋದ ವಾರ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇತ್ತು, ಗುರುವಾರ. ಈಗ ತೀರ್ಪುಗಾರರ ಕುರ್ಚಿ ನನ್ನದು. ಬಾಯಿ ಬಂದ ಮೇಲೆ ಮೊದಲ ದೊಡ್ಡ ದಿನ. ತಿಪ್ಪೇಶನಿಗೆ ಡ್ಯೂಟಿ, ಅಂಗನವಾಡಿಗೆ ರಜೆ. ಅವ್ವನಿಗೆ ಫೋನು ಮಾಡಿದೆ.

"ಅವ್ವ, ಗುರುವಾರ ಬರೋಕಾಗುತ್ತಾ?"

ಆ ಕಡೆ ಹೆಂಗಸರ ಮಾತು, ಗೌರಕ್ಕನ ದನಿ, ಏನೋ ಎಳೆಯುವ ಸದ್ದು.

"ಆಗಲ್ಲ ಕಣವ್ವ" ಅಂದಳು. ಅಷ್ಟೇ. ಕಾರಣ ಹೇಳಲಿಲ್ಲ.

ನನ್ನ ಹತ್ತಿರ ಮೂರು ಅಂಶಗಳಿದ್ದವು. ಮೂರೂ ಚೆನ್ನಾಗಿದ್ದವು, ಎರಡನೆಯದಂತೂ ಯಾರೂ ಮುರಿಯಲಾಗದ್ದು. ನಿಧಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಯ್ತವ್ವ" ಅಂದೆ.

ಫೋನಿನ ಆ ತುದಿಯಲ್ಲಿ ಎಳೆಯುವ ಸದ್ದು ನಿಂತಿತು.

"ಯಾಕೆ, ಏನೂ ಅನ್ನಲ್ವಾ?" ಅಂದಳು ಅವ್ವ, ಗಾಬರಿಯಿಂದ. "ಬಾಯಿ ತಿರುಗಿ ಸೊಟ್ಟಾತಾ?"

"ಇಲ್ಲವ್ವ, ನೆಟ್ಟಗೈತೆ" ಅಂದೆ. "ನೀನು ಕುಂಚ ಎಳಿ, ಒಣಗ್ತೈತೆ."